ಊದುಗೊಳವೆಯಿಂದ ಉಸಿರುಮಾಪಕದವರೆಗೆ

ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾ ಸುತ್ತಿನ ಹಳೆಯ ಮನೆಗಳಲ್ಲಿ ಒಲೆಯ ಮಗ್ಗುಲಿಗೆ ಒರಗಿಸಿಟ್ಟ ಊದುಗೊಳವೆ ಈಗಲೂ ಕಾಣಸಿಗುತ್ತದೆ. ಬಿದಿರಿನದೋ ಕಬ್ಬಿಣದ್ದೋ ಒಂದು ಮೊಳದ ಕೊಳವೆ ಅದು. ಮಳೆಗಾಲದ ಹಸಿ ಕಟ್ಟಿಗೆ ಹೊತ್ತಿಕೊಳ್ಳದೆ ಹೊಗೆಯಾಡುವಾಗ ಅದನ್ನು ಬಾಯಿಗಿಟ್ಟು, ಎದೆತುಂಬ ಉಸಿರೆಳೆದು ಊದಿದರೆ ಕೆಂಡ ಮತ್ತೆ ಕೆಂಪಾಗುತ್ತದೆ. ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರು ಬಹುಮಟ್ಟಿಗೆ ಹೆಂಗಸರು. ಊದುವ ಮೊದಲು ಒಮ್ಮೆ ಉಸಿರು ಒಳಗೆ ಹೋಗಲೇಬೇಕು. ಆ ಉಸಿರಿನ ಜೊತೆಗೆ ಹೊಗೆಯೂ ಹೋಗುತ್ತದೆ ಎಂಬುದನ್ನು ಯಾರೂ ಲೆಕ್ಕ ಇಟ್ಟವರಿಲ್ಲ.

ಮಲೆನಾಡಿನ ಮನೆಗಳು ಸಾಮಾನ್ಯವಾಗಿ ದಿಬ್ಬದ ಮೇಲೆ, ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ. ಅರವತ್ತೈದು ದಾಟಿದ ಹಿರಿಯರೊಬ್ಬರು ಮೊದಲು ತೋಟದಿಂದ ಮೇಲೇರುವಾಗ ಎರಡು ಕಡೆ ನಿಲ್ಲುತ್ತಾರೆ. ಮರುವರ್ಷ ತೋಟಕ್ಕೆ ಇಳಿಯುವುದನ್ನೇ ಬಿಡುತ್ತಾರೆ. ಆಮೇಲೆ ನೆಂಟರ ಮನೆ, ದೇವಸ್ಥಾನ, ಕೊನೆಗೆ ಅಂಗಳ. ಕೇಳಿದರೆ ಸಿಗುವ ಉತ್ತರ ಒಂದೇ: ‘ವಯಸ್ಸಾತು, ದಮ್ಮು ಬತ್ತು.’ ಮನೆಯವರೂ ತಲೆದೂಗುತ್ತಾರೆ. ಏರು ಹತ್ತುವುದನ್ನು ಬಿಟ್ಟವರಿಗೆ ಏದುಸಿರು ಬರುವುದಿಲ್ಲ. ಏದುಸಿರು ಬರದವರಿಗೆ ರೋಗವಿದೆಯೆಂದು ಯಾರಿಗೂ ಅನಿಸುವುದಿಲ್ಲ. ಹೀಗೆ ರೋಗವೊಂದು ಮುಪ್ಪಿನ ವೇಷ ಹಾಕಿಕೊಂಡು ಮನೆಯೊಳಗೇ ಕೂತುಬಿಡುತ್ತದೆ.

ಮುಪ್ಪು ಯಾವುದು, ರೋಗ ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲ ಪರೀಕ್ಷೆಯೊಂದಿದೆ. ಅದೂ ಒಂದು ಕೊಳವೆಯನ್ನು ಬಾಯಿಗಿಟ್ಟು ಊದುವ ಪರೀಕ್ಷೆಯೇ. ಇಂಗ್ಲಿಷಿನಲ್ಲಿ ಸ್ಪೈರೋಮೆಟ್ರಿ ಎನ್ನುತ್ತಾರೆ. ಕನ್ನಡದಲ್ಲಿ ಉಸಿರುಮಾಪನ ಎನ್ನಬಹುದು. ಅದರ ಇತಿಹಾಸ 175 ವರ್ಷಗಳಿಗೂ ಹಿಂದಿನದು. ಆದರೆ ಆ ಇತಿಹಾಸದ ಬಹುಪಾಲಿನಲ್ಲಿ ಒಲೆಯ ಮುಂದೆ ಕೂತ ಹೆಂಗಸಿಗೆ ಜಾಗವೇ ಇರಲಿಲ್ಲ.

ಒಂದೇ ಹೆಸರು, ಹಲವು ರೋಗ

ಉಸಿರಿನ ತೊಂದರೆಗೆ ನಮ್ಮಲ್ಲಿ ಹೆಸರುಗಳಿಗೇನೂ ಬರವಿಲ್ಲ. ದಮ್ಮು, ಗೂರಲು, ಉಬ್ಬಸ, ಏದುಸಿರು ಎಂದು ಊರಿಗೊಂದು ಮಾತು. ಚರಕ ಸಂಹಿತೆ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಂಗಡಿಸಿತ್ತು. ಹಳೆಯ ವೈದ್ಯರು ನಾಡಿ ಹಿಡಿದು, ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ ರೋಗವನ್ನು ಗುರುತಿಸುತ್ತಿದ್ದರು. ಯೂರೋಪಿನಲ್ಲೂ ಸ್ಥಿತಿ ಇದಕ್ಕಿಂತ ಬೇರೆಯಾಗಿರಲಿಲ್ಲ.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ. ಸ್ಟೆತೋಸ್ಕೋಪ್ ಹುಟ್ಟಿದ್ದು ಹೀಗೆ. ಬದುಕಿದ್ದಾಗ ಕೇಳಿಸಿಕೊಂಡ ಸದ್ದನ್ನು ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡದ್ದರೊಡನೆ ಹೋಲಿಸುತ್ತ ಹೋದ ಲೆನೆಕ್, ಕೆಲವರ ಶ್ವಾಸಕೋಶ ಎದೆಗೂಡನ್ನು ತೆರೆದ ಮೇಲೂ ಕುಗ್ಗದೆ ಗಾಳಿ ತುಂಬಿಕೊಂಡೇ ಇರುವುದನ್ನು ಗಮನಿಸಿದ. ಒಳಗೆ ಹೋದ ಗಾಳಿ ಹೊರಗೆ ಬರಲಾಗದೆ ಸಿಕ್ಕಿಕೊಂಡಿತ್ತು. ಅದಕ್ಕೆ ಎಂಫಿಸಿಮಾ ಎಂಬ ಹೆಸರು ನಿಂತಿತು. ಗಾಳಿಯ ಕೊರತೆಯೇ ಉಬ್ಬಸಕ್ಕೆ ಕಾರಣ ಎಂದು ತಿಳಿದಿದ್ದ ಕಾಲಕ್ಕೆ ಇದು ದೊಡ್ಡ ತಿದ್ದುಪಡಿ. ಈ ರೋಗಿಗಳ ಕಷ್ಟ ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದರಲ್ಲಿದೆ. ಆದರೆ ಇದನ್ನು ತಿಳಿಯಲು ರೋಗಿ ಸಾಯಬೇಕಿತ್ತು. ಬದುಕಿರುವಾಗಲೇ ಅಳೆಯುವ ಬಗೆ ಬೇಕಾಗಿತ್ತು.

ನೀರಿನ ಮೇಲೆ ತೇಲುವ ಕೊಳಗ

ಅಳೆದವನು ಇಂಗ್ಲೆಂಡಿನ ಜಾನ್ ಹಚಿನ್‌ಸನ್. 1846ರಲ್ಲಿ ಅವನು ಪ್ರಕಟಿಸಿದ ದೀರ್ಘ ಪ್ರಬಂಧವೇ ಉಸಿರುಮಾಪನದ ತಳಪಾಯ. ಅವನ ಯಂತ್ರ ನೋಡಲು ಸರಳ. ನೀರು ತುಂಬಿದ ಪಾತ್ರೆಯೊಳಗೆ ಬೋರಲಾಗಿ ಇಟ್ಟ ಮತ್ತೊಂದು ಪಾತ್ರೆ. ಅದಕ್ಕೆ ರಾಟೆಗಳ ಮೇಲಿನಿಂದ ಇಳಿಬಿಟ್ಟ ಸಮತೂಕದ ಭಾರ. ಕೊಳವೆಯಲ್ಲಿ ಊದಿದಾಗ ಗಾಳಿ ಒಳಗೆ ಸೇರಿ ಬೋರಲು ಪಾತ್ರೆ ಮೇಲೇಳುತ್ತದೆ. ಎಷ್ಟು ಎದ್ದಿತೋ ಅಷ್ಟು ಗಾಳಿ. ಭತ್ತವನ್ನು ಕೊಳಗದಿಂದ ಅಳೆದಂತೆ ಉಸಿರನ್ನು ಅಳೆಯುವ ಸಾಧನ ಇದು.

ಹಚಿನ್‌ಸನ್ 2,130 ಮಂದಿಯ ಉಸಿರನ್ನು ಅಳೆದ. ನಾವಿಕರು, ಪೊಲೀಸರು, ಅಗ್ನಿಶಾಮಕರು, ಮುದ್ರಣಾಲಯದ ಕೆಲಸಗಾರರು, ಕುಸ್ತಿ ಆಳುಗಳು, ಬಡವರು, ಸಾಹುಕಾರರು ಎಲ್ಲರೂ ಅದರಲ್ಲಿದ್ದರು. ಪೂರ್ತಿ ಎಳೆದುಕೊಂಡ ಉಸಿರನ್ನು ಪೂರ್ತಿ ಬಿಟ್ಟಾಗ ಬರುವ ಗಾಳಿಗೆ ಅವನು ‘ಜೀವಧಾರಣ ಸಾಮರ್ಥ್ಯ’ ಎಂಬ ಅರ್ಥದ ಹೆಸರಿಟ್ಟ. ಆಳಿನ ಎತ್ತರ ಒಂದು ಅಂಗುಲ ಹೆಚ್ಚಿದರೆ ಈ ಸಾಮರ್ಥ್ಯ ಎಂಟು ಘನ ಅಂಗುಲ, ಎಂದರೆ ಸುಮಾರು 130 ಮಿಲಿಲೀಟರ್ ಹೆಚ್ಚುತ್ತದೆ ಎಂಬ ನಿಯಮವನ್ನೂ ಕಂಡುಕೊಂಡ. ವಯಸ್ಸಾದಂತೆ ಅದು ಇಳಿಯುತ್ತದೆ ಎಂಬುದೂ ಅವನ ಕಣ್ಣಿಗೆ ಬಿತ್ತು. ಮುಪ್ಪಿಗೂ ಒಂದು ಲೆಕ್ಕವಿದೆ, ಆ ಲೆಕ್ಕಕ್ಕಿಂತ ಕಡಿಮೆಯಾದರೆ ರೋಗವನ್ನು ಶಂಕಿಸಬೇಕು ಎಂಬ ಯೋಚನೆ ಮೊಳೆತದ್ದು ಇಲ್ಲಿ.

ಅವನು ಅಳೆದವರಲ್ಲಿ ‘ಅಮೆರಿಕದ ದೈತ್ಯ’ ಎಂದು ಹೆಸರಾದ ಫ್ರೀಮನ್ ಎಂಬ ಮುಷ್ಟಿಕಾಳಗದ ಆಳೂ ಇದ್ದ. ಎತ್ತರ ಏಳು ಅಡಿಯ ಸಮೀಪ. ಮೊದಲ ಸಲ ಅಳೆದಾಗ ಅವನ ಉಸಿರು ಬೃಹತ್ತಾಗಿಯೇ ಇತ್ತು. ಸುಮಾರು ಎರಡು ವರ್ಷದ ಬಳಿಕ ಅಳೆದರೆ ಗಣನೀಯವಾಗಿ ಇಳಿದಿತ್ತು. 1845ರಲ್ಲಿ ಅವನು ಕ್ಷಯದಿಂದ ತೀರಿಕೊಂಡ. ಒಬ್ಬನ ಉಸಿರನ್ನು ಅವನ ಹಳೆಯ ಉಸಿರಿನೊಡನೆಯೇ ಹೋಲಿಸಬೇಕು ಎಂಬ ಪಾಠವನ್ನು ಆ ದೈತ್ಯ ಕಲಿಸಿ ಹೋದ.

ಹಚಿನ್‌ಸನ್‌ಗೆ ವೈದ್ಯರಿಗಿಂತ ಜೀವವಿಮೆ ಕಂಪನಿಗಳ ಒಡನಾಟ ಹೆಚ್ಚಾಗಿತ್ತು. ಯಾರಿಗೆ ವಿಮೆ ಕೊಡಬಹುದು ಎಂದು ತಿಳಿಯಲು ಈ ಯಂತ್ರ ಉಪಯೋಗವಾದೀತು ಎಂಬುದು ಅವನ ಆಸೆ. 1852ರಲ್ಲಿ ಅವನು ಇಂಗ್ಲೆಂಡ್ ತೊರೆದು ಆಸ್ಟ್ರೇಲಿಯಾಕ್ಕೆ ಹೋದ. 1861ರಲ್ಲಿ ಫಿಜಿ ದ್ವೀಪದಲ್ಲಿ ಸತ್ತ. ಯಂತ್ರ ಉಳಿಯಿತು, ಆದರೆ ಆಸ್ಪತ್ರೆಯ ನಿತ್ಯದ ಸಾಧನವಾಗಲು ಅದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು.

ಮುಂಬಯಿ, ಮದ್ರಾಸಿನ ಅಳತೆಗಳು

ಇಂಗ್ಲೆಂಡಿನ ನಾವಿಕನ ಅಳತೆ ನಮ್ಮವರಿಗೆ ಹೊಂದುತ್ತದೆಯೆ? ಈ ಪ್ರಶ್ನೆಯನ್ನು ಭಾರತದಲ್ಲಿ ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಮುಂಬಯಿಯ ಎಸ್.ಎಲ್. ಭಾಟಿಯಾ ಒಬ್ಬರು. ಭಾರತೀಯರ ಉಸಿರಿನ ಸಾಮರ್ಥ್ಯದ ಬಗ್ಗೆ ಅವರು 1929ರಲ್ಲಿ ಬರೆದರು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. 1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹಾಗೆಯೇ ಇತ್ತು. ಭಾಟಿಯಾ ಅವರ ಹೆಸರು ಕರ್ನಾಟಕಕ್ಕೆ ಇನ್ನೊಂದು ಕಾರಣಕ್ಕೆ ಪರಿಚಿತ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯವಿಜ್ಞಾನ ಇತಿಹಾಸದ ವಸ್ತುಸಂಗ್ರಹಾಲಯ ಅವರ ಹೆಸರಿನಲ್ಲಿದೆ.

ಹೆಂಗಸರನ್ನು ಅಳೆದದ್ದು ಮದ್ರಾಸಿನಲ್ಲಿ. ಅಲ್ಲಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನ ಎಲೀನರ್ ಮೇಸನ್ 1932ರಲ್ಲಿ ದಕ್ಷಿಣ ಭಾರತದ ಮಹಿಳೆಯರ ಉಸಿರಿನ ಸಾಮರ್ಥ್ಯಕ್ಕೆ ಎತ್ತರ, ತೂಕಗಳ ಆಧಾರದ ಮೇಲೆ ಮಾನದಂಡವೊಂದನ್ನು ಪ್ರಕಟಿಸಿದರು. ದಕ್ಷಿಣದ ಮಹಿಳೆಗೆ ತನ್ನದೇ ಆದ ಅಳತೆ ಸಿಕ್ಕಿತು. ಆದರೆ ಅದು ಆರೋಗ್ಯದ ಅಳತೆ. ಅಡುಗೆಮನೆಯ ಹೊಗೆಯಿಂದ ಆ ಅಳತೆ ಇಳಿಯುತ್ತದೆಯೆ ಎಂಬ ಪ್ರಶ್ನೆಗೆ ಇನ್ನೂ ಕಾಲ ಬಂದಿರಲಿಲ್ಲ.

ಒಂದು ಸೆಕೆಂಡಿನ ಮಹಿಮೆ

ಹಚಿನ್‌ಸನ್‌ನ ಯಂತ್ರಕ್ಕೆ ಒಂದು ಮಿತಿಯಿತ್ತು. ಅದು ಎಷ್ಟು ಗಾಳಿ ಬಂತೆಂದು ಹೇಳುತ್ತಿತ್ತು. ಎಷ್ಟು ಬೇಗ ಬಂತೆಂದು ಹೇಳುತ್ತಿರಲಿಲ್ಲ. ಒಂದು ಉದಾಹರಣೆ ನೋಡೋಣ. ಎರಡು ಕೊಡಗಳಿವೆ, ಎರಡರಲ್ಲೂ ಅಷ್ಟೇ ನೀರು. ಒಂದರ ಬಾಯಿ ಅಗಲ, ಇನ್ನೊಂದರದು ಕಿರಿದು. ಬೋರಲು ಹಾಕಿ ಸಾಕಷ್ಟು ಹೊತ್ತು ಕಾದರೆ ಎರಡೂ ಖಾಲಿಯಾಗುತ್ತವೆ. ಒಂದೇ ಸೆಕೆಂಡಿನಲ್ಲಿ ಎಷ್ಟು ಹೊರಬಂತು ಎಂದು ನೋಡಿದರೆ ಮಾತ್ರ ಬಾಯಿಯ ವ್ಯತ್ಯಾಸ ತಿಳಿಯುತ್ತದೆ. ಶ್ವಾಸನಾಳ ಕಿರಿದಾದ ರೋಗಿಯೂ ನಿಧಾನವಾಗಿ ಊದಿದರೆ ಸಾಕಷ್ಟು ಗಾಳಿಯನ್ನು ಹೊರಹಾಕಿಬಿಡುತ್ತಾನೆ.

ಈ ತೊಡಕನ್ನು ಬಿಡಿಸಿದವರು ಫ್ರಾನ್ಸಿನ ರಾಬರ್ಟ್ ಟಿಫೆನೊ ಮತ್ತು ಪಿನೆಲ್ಲಿ. 1947ರಲ್ಲಿ ಅವರು, ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಬರುವ ಗಾಳಿಯನ್ನು ಅಳೆದು, ಒಟ್ಟು ಗಾಳಿಯಲ್ಲಿ ಅದರ ಪಾಲೆಷ್ಟು ಎಂದು ನೋಡಬೇಕೆಂದರು. ಇಂದಿಗೂ ಜಗತ್ತಿನೆಲ್ಲೆಡೆ ವೈದ್ಯರು ನೋಡುವುದು ಈ ಪಾಲನ್ನೇ. ಲೆಕ್ಕ ತೀರ ಸರಳ. ಒಟ್ಟು 2 ಲೀಟರ್ ಊದಿದವರು ಮೊದಲ ಸೆಕೆಂಡಿನಲ್ಲಿ 1.6 ಲೀಟರ್ ಊದಿದ್ದರೆ ಪಾಲು ಶೇಕಡ 80, ದಾರಿ ಸರಾಗವಾಗಿದೆ. 1.2 ಲೀಟರ್ ಮಾತ್ರ ಊದಿದ್ದರೆ ಶೇಕಡ 60, ದಾರಿಯಲ್ಲಿ ಅಡಚಣೆಯಿದೆ. ಇನ್ನೊಬ್ಬರು ಒಟ್ಟು ಊದಿದ್ದೇ 1.2 ಲೀಟರ್, ಅದರಲ್ಲಿ ಮೊದಲ ಸೆಕೆಂಡಿನದು 1 ಲೀಟರ್ ಎಂದಿಟ್ಟುಕೊಳ್ಳಿ. ಪಾಲು ಶೇಕಡ 83. ಇಲ್ಲಿ ದಾರಿ ಚೆನ್ನಾಗಿದೆ, ಉಗ್ರಾಣವೇ ಚಿಕ್ಕದಾಗಿದೆ. ಅದು ಬೇರೆಯೇ ರೋಗದ ಸೂಚನೆ, ಔಷಧವೂ ಬೇರೆ. ಮೂವರೂ ಬಂದು ಹೇಳುವುದು ‘ದಮ್ಮು’ ಎಂಬ ಒಂದೇ ಮಾತನ್ನು.

ಇದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಉಸಿರಿನ ರೋಗ ರಾಷ್ಟ್ರೀಯ ಪ್ರಶ್ನೆಯಾಗಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕಲ್ಲಿದ್ದಲ ಹೊಗೆ ಬೆರೆತ ಮಂಜು ಮುಸುಕಿತು. ಸತ್ತವರು ಸುಮಾರು 4 ಸಾವಿರ ಎಂದು ಆಗ ಅಂದಾಜಿಸಲಾಗಿತ್ತು. ನಂತರದ ಅಂದಾಜು 12 ಸಾವಿರದವರೆಗೂ ಹೋಗಿದೆ. ಸತ್ತವರಲ್ಲಿ ಹೆಚ್ಚಿನವರು ವೃದ್ಧರು, ಮೊದಲೇ ಶ್ವಾಸಕೋಶ ಇಲ್ಲವೇ ಹೃದಯ ದುರ್ಬಲವಾಗಿದ್ದವರು. ವಯಸ್ಸಾದವರ ಕೆಮ್ಮನ್ನು ತಾತ್ಸಾರದಿಂದ ನೋಡಬಾರದು ಎಂಬ ಅರಿವು ಆ ಐದು ದಿನಗಳಲ್ಲಿ ಮೂಡಿತು. ಮುಂದೆ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಲಂಡನ್ನಿನ ದುಡಿಯುವ ಗಂಡಸರ ಉಸಿರನ್ನು ಎಂಟು ವರ್ಷ ಅಳೆಯುತ್ತ ಬಂದದ್ದರ ಸಾರವನ್ನು 1977ರಲ್ಲಿ ಪ್ರಕಟಿಸಿದರು. ಒಂದು ಸೆಕೆಂಡಿನ ಗಾಳಿ ಎಲ್ಲರಲ್ಲೂ ವಯಸ್ಸಿನೊಡನೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಹೊಗೆಗೆ ಬಗ್ಗುವ ಜಾಯಮಾನದ ಧೂಮಪಾನಿಗಳಲ್ಲಿ ಬಹು ಬೇಗ ಇಳಿಯುತ್ತದೆ. ಸಿಗರೇಟು ಬಿಟ್ಟರೆ ಕಳೆದದ್ದು ಮರಳಿ ಬಾರದು, ಆದರೆ ಇಳಿತದ ವೇಗ ಸಾಮಾನ್ಯರ ಮಟ್ಟಕ್ಕೆ ಬರುತ್ತದೆ. ಪರೀಕ್ಷೆಯನ್ನು ಬೇಗ ಮಾಡಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಸಿಗರೇಟು ಸೇದದವರ ರೋಗ

ಗಣಿಯ ಕೂಲಿ, ಸಿಗರೇಟು ಸೇದುವ ಗಂಡಸು ಇವರೇ ಈ ವಿಜ್ಞಾನದ ಕಣ್ಣ ಮುಂದಿದ್ದವರು. ಹೆಂಗಸು ಅದಕ್ಕೆ ಕಂಡದ್ದು ದೆಹಲಿಯಲ್ಲಿ. ಬರ್ಮಾದಲ್ಲಿ ಹುಟ್ಟಿ ಭಾರತದ ಹೃದ್ರೋಗ ತಜ್ಞರ ಮೊದಲ ಸಾಲಿಗೆ ಸೇರಿದ ಡಾ. ಎಸ್. ಪದ್ಮಾವತಿ ಅವರು 1950ರ ದಶಕದಲ್ಲಿ, ಶ್ವಾಸಕೋಶ ಕೆಟ್ಟು ಅದರಿಂದ ಹೃದಯದ ಬಲಭಾಗ ಸೋತ ರೋಗಿಗಳನ್ನು ಅಧ್ಯಯನ ಮಾಡಿದರು. ಪಾಶ್ಚಾತ್ಯ ದೇಶಗಳಲ್ಲಿ ಅದು ಗಂಡಸರ ರೋಗ. ಇಲ್ಲಿ ಹೆಂಗಸರೂ ಗಂಡಸರಷ್ಟೇ ಸಂಖ್ಯೆಯಲ್ಲಿದ್ದರು. ಅವರು ಬೀಡಿ ಸಿಗರೇಟು ಸೇದುವವರಲ್ಲ. ಹಾಗಾದರೆ ಹೊಗೆ ಎಲ್ಲಿಂದ? ಚಿಕ್ಕಂದಿನಿಂದ ಕಟ್ಟಿಗೆ, ಬೆರಣಿಯ ಒಲೆಯ ಮುಂದೆ ಕೂತದ್ದೇ ಕಾರಣವಿರಬೇಕು ಎಂದು ಅವರು ಬರೆದರು. ಜಗತ್ತಿನ ವೈದ್ಯವಿಜ್ಞಾನ ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲು ದಶಕಗಳೇ ಹಿಡಿದವು.

1991ರಲ್ಲಿ ಚಂಡೀಗಢದ ಬೆಹೆರಾ ಮತ್ತು ಜಿಂದಾಲ್ ಒಲೆಯ ಬಗೆಗೂ ಉಸಿರಿನ ತೊಂದರೆಗೂ ಇರುವ ನಂಟನ್ನು ಪರಿಶೀಲಿಸಿದರು. ಬಳಿಕ ನಮ್ಮ ಮೈಸೂರು ಈ ಕೆಲಸದಲ್ಲಿ ಮುಂದೆ ಬಂತು. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ ಎಂಬ ಎರಡು ಸಂಖ್ಯೆಗಳನ್ನು ಗುಣಿಸಿದರೆ ಹೊಗೆಯ ಸೂಚ್ಯಂಕ ಬರುತ್ತದೆ. ಅದು 60 ತಲುಪಿದರೆ ದೀರ್ಘಕಾಲದ ಕಫ ಕೆಮ್ಮಿನ ಅಪಾಯ ಗಮನಾರ್ಹವಾಗಿ ಹೆಚ್ಚುತ್ತದೆ ಎಂದು ಅವರು ಕಂಡರು. ಈ ಲೆಕ್ಕವನ್ನು ಓದುಗರು ತಮ್ಮ ಮನೆಯಲ್ಲೇ ಹಾಕಿ ನೋಡಬಹುದು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವಾದರೆ 60. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ಐವತ್ತೆಂಟರವರೆಗೆ ಕಟ್ಟಿಗೆ ಒಲೆಯನ್ನೇ ನೆಚ್ಚಿದ್ದರೆ 120.

ಹೆಗಡೆಕಟ್ಟೆಯ ಒಲೆಗಳು

ಈ ಲೆಕ್ಕ ಶಿರಸಿ ಕಡೆಗೆ ಬಂದಾಗ ಸ್ವಲ್ಪ ತಿರುವು ಪಡೆಯುತ್ತದೆ. ಇಲ್ಲಿ ಕಟ್ಟಿಗೆಗೆ ಬರವಿರಲಿಲ್ಲ. ಅಡಿಕೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪೂ ಒಲೆಗೆ ಕಟ್ಟಿಗೆಯೂ ಬರುತ್ತಿತ್ತು. ಹೊಗೆಯೂ ಬರಿಯ ಶತ್ರುವಾಗಿರಲಿಲ್ಲ. ನಾಲ್ಕು ತಿಂಗಳ ಮಳೆಯಲ್ಲಿ ಬೀಜದ ಭತ್ತಕ್ಕೆ ಹುಳ ಬೀಳದಂತೆ, ಅಟ್ಟದ ಮೇಲಿನ ಸಾಮಾನಿಗೆ ಬೂಸಲು ಹತ್ತದಂತೆ, ಮಾಡಿನ ಗಳುಗಳು ಕುಟ್ಟೆ ಹಿಡಿಯದಂತೆ ಕಾಯುತ್ತಿದ್ದದ್ದು ಹೊಗೆಯೇ. ಮಸಿ ಹಿಡಿದು ಕಪ್ಪಾದ ಅಟ್ಟ ಬಾಳಿಕೆಯ ಗುರುತು. ಅದೇ ಮಸಿ ಒಳಗೆಲ್ಲಿ ಕೂತಿದೆ ಎಂದು ಯಾರು ನೋಡಿದ್ದರು?

ಆದರೆ ಹೊಗೆಯನ್ನು ಹೊರಗಟ್ಟುವುದರಲ್ಲೂ ಈ ಸೀಮೆ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಹೊಗೆಗೂಡುಳ್ಳ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಕಡಿಮೆ ಕಟ್ಟಿಗೆ, ಅಡುಗೆಮನೆಯಿಂದ ಹೊರಗೆ ಹೊಗೆ ಎಂಬುದು ಅದರ ಗುರಿ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ಗೋಬರ್ ಗ್ಯಾಸ್ ವಿಷಯದಲ್ಲಂತೂ ಶಿರಸಿ ದೇಶಕ್ಕೇ ಮಾದರಿ. ಹಲವು ಕಡೆ ಸರ್ಕಾರದ ಸಹಾಯಧನದಲ್ಲಿ ಕಟ್ಟಿದ ಗುಂಡಿಗಳು ಪಾಳು ಬಿದ್ದಿದ್ದಾಗ, ಶಿರಸಿಯಲ್ಲಿ ಅವು ಚೆನ್ನಾಗಿ ನಡೆಯುತ್ತಿರುವುದನ್ನು ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ ಅವರು 2001ರಲ್ಲಿ ಯಶಸ್ಸಿನ ಕಥೆಯೆಂದೇ ದಾಖಲಿಸಿದರು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಬಡವರ ಮನೆಗೂ ಸಿಲಿಂಡರ್ ತಂದಿತು.

ಹಾಗಿದ್ದರೆ ಚಿಂತೆ ಮುಗಿಯಿತೆ? ಇಲ್ಲ. ಅಡುಗೆಗೆ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತದೆ. ದನದ ಅಕ್ಕಚ್ಚು ಕಾಯಿಸಲು ಇನ್ನೊಂದು ಒಲೆ. ಕೊಯ್ಲಿನ ಕಾಲದಲ್ಲಿ ಸುಲಿದ ಅಡಿಕೆಯನ್ನು ಹಂಡೆಗಟ್ಟಲೆ ಬೇಯಿಸುವ ದೊಡ್ಡ ಒಲೆ. ಗೋಬರ್ ಗ್ಯಾಸ್ ಬರಬೇಕಾದರೆ ಕೊಟ್ಟಿಗೆಯಲ್ಲಿ ದನ ಇರಬೇಕು. ತೋಟವಿಲ್ಲದ, ದನವಿಲ್ಲದ ಕೂಲಿಕಾರರ ಮನೆಯಲ್ಲಿ ಸಿಲಿಂಡರ್ ಮುಗಿದ ದಿನ ಮತ್ತೆ ಮೂರು ಕಲ್ಲಿನ ಒಲೆಯೇ ಗತಿ. ಎಲ್ಲಕ್ಕಿಂತ ಮುಖ್ಯವಾಗಿ, ಇಂದು ಎಪ್ಪತ್ತು ದಾಟಿದವರು ಹೊಗೆ ಕುಡಿದದ್ದು ಗ್ಯಾಸ್ ಬರುವ ಮೊದಲು. ಒಲೆ ಬದಲಾದ ಮಾತ್ರಕ್ಕೆ ಆಗಲೇ ಕಿರಿದಾದ ನಾಳ ಅಗಲವಾಗುವುದಿಲ್ಲ.

ಹಾಗೆಂದು ಒಲೆಯ ಮುಂದೆ ಕೂತವರೆಲ್ಲ ರೋಗಿಗಳೆಂದು ತೀರ್ಮಾನಿಸುವುದೂ ತಪ್ಪು. ‘ಬೋಲ್ಡ್’ ಎಂಬ ಹೆಸರಿನ ಬಹುರಾಷ್ಟ್ರೀಯ ಅಧ್ಯಯನ ನಲವತ್ತು ದಾಟಿದವರ ಉಸಿರನ್ನು ಹಲವು ದೇಶಗಳಲ್ಲಿ ಒಂದೇ ಬಗೆಯಲ್ಲಿ ಅಳೆಯಿತು. ಪುಣೆ, ಮುಂಬಯಿ, ಶ್ರೀನಗರಗಳ ಜೊತೆಗೆ ಮೈಸೂರೂ ಅದರ ಭಾರತದ ಕೇಂದ್ರಗಳಲ್ಲಿ ಒಂದಾಗಿತ್ತು. ಆ ಅಳತೆಗಳನ್ನು ಆಧರಿಸಿ 2018ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಕಟ್ಟಿಗೆ ಒಲೆಗೂ ಶ್ವಾಸನಾಳದ ಅಡಚಣೆಗೂ ನೇರ ಸಂಬಂಧ ಕಂಡುಬರಲಿಲ್ಲ. ಬಡ ದೇಶಗಳಲ್ಲಿ ಅನೇಕರ ಒಟ್ಟು ಗಾಳಿಯೇ ಕಡಿಮೆಯಿತ್ತು. ಹೊಗೆಯಿಂದ ಕೆಮ್ಮು ಕಫ ಬರುತ್ತದೆ ಎನ್ನುವುದು ಒಂದು. ಅದು ಎಷ್ಟು ಜನರಲ್ಲಿ ಅಡಚಣೆಯಾಗಿ ನಿಲ್ಲುತ್ತದೆ ಎನ್ನುವುದು ಇನ್ನೊಂದು. ವಿಜ್ಞಾನಿಗಳಲ್ಲಿ ಈ ಚರ್ಚೆ ನಡೆದೇ ಇದೆ. ನಮಗೆ ಇದರಿಂದ ಸಿಗುವ ಪಾಠವೆಂದರೆ, ಒಲೆಯ ಕಥೆ ಕೇಳಿ ರೋಗವನ್ನು ಊಹಿಸಬಾರದು. ಆ ವ್ಯಕ್ತಿಯ ಉಸಿರನ್ನೇ ಅಳೆದು ನೋಡಬೇಕು.

ಪರೀಕ್ಷೆ ನಡೆಯುವ ಬಗೆ

ಅಳೆಯುವುದು ಹೇಗೆ? ಈಗಿನ ಯಂತ್ರದಲ್ಲಿ ನೀರೂ ಇಲ್ಲ, ರಾಟೆಯೂ ಇಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವೂ ಇವೆ. ಹಿರಿಯರನ್ನು ನೆಟ್ಟಗೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಮೂಗಿಗೆ ಕ್ಲಿಪ್ಪು. ಎದೆ ಬಿರಿಯುವಷ್ಟು ಉಸಿರೆಳೆದು, ಕೊಳವೆಯ ಸುತ್ತ ತುಟಿ ಬಿಗಿದು, ಒಮ್ಮೆಲೇ ಜೋರಾಗಿ ಊದಬೇಕು. ಊದಿ ನಿಲ್ಲಿಸುವಂತಿಲ್ಲ, ಆರು ಸೆಕೆಂಡಿನಷ್ಟು ಹೊತ್ತು, ಒಳಗೇನೂ ಉಳಿದಿಲ್ಲ ಎನಿಸುವವರೆಗೆ ಊದುತ್ತಲೇ ಇರಬೇಕು. ಪಕ್ಕದಲ್ಲಿ ನಿಂತ ತಂತ್ರಜ್ಞರು ‘ಊದಿ, ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸುತ್ತಾರೆ. ಕನಿಷ್ಠ ಮೂರು ಒಳ್ಳೆಯ ಊದು ಸಿಗಬೇಕು. ಅವುಗಳಲ್ಲಿ ಉತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚಿನ ಅಂತರ ಇರಬಾರದು.

ಬಳಿಕ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಔಷಧವನ್ನು ಎಳೆದುಕೊಳ್ಳಲು ಕೊಟ್ಟು, ಸುಮಾರು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಈ ಎರಡನೆಯ ಸುತ್ತೇ ನಿರ್ಣಾಯಕ. ಔಷಧದ ಬಳಿಕ ಅಳತೆ ಚೆನ್ನಾಗಿ ಏರಿ ಸಾಮಾನ್ಯ ಮಟ್ಟಕ್ಕೆ ಬಂದರೆ ಅದು ಅಸ್ತಮಾದ ಕಡೆಗೆ ಬೆರಳು ತೋರುತ್ತದೆ. ಔಷಧದ ಬಳಿಕವೂ ಪಾಲು ಶೇಕಡ 70ಕ್ಕಿಂತ ಕೆಳಗೇ ಉಳಿದರೆ ದೀರ್ಘಕಾಲದ ಅಡಚಣೆಯ ಶ್ವಾಸಕೋಶ ರೋಗ, ವೈದ್ಯರ ಬಾಯಲ್ಲಿ ಸಿಒಪಿಡಿ, ಎಂದು ಗುರುತಿಸುತ್ತಾರೆ. 2001ರಲ್ಲಿ ಬಂದ ‘ಗೋಲ್ಡ್’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಗೆರೆಯನ್ನು ಜಗತ್ತಿಗೆಲ್ಲ ಹಾಕಿಕೊಟ್ಟಿತು.

ಹಿರಿಯರಲ್ಲಿ ಈ ಪರೀಕ್ಷೆಗೆ ತಾಳ್ಮೆ ಬೇಕು. ಕಿವಿ ಮಂದವಾದವರಿಗೆ ಹೇಳಿದ್ದು ಕೇಳಿಸದು. ಸಡಿಲವಾದ ಹಲ್ಲಿನ ಸೆಟ್ಟಿನಿಂದ ಗಾಳಿ ಸೋರುತ್ತದೆ; ಗಟ್ಟಿಯಾಗಿ ಕೂತ ಸೆಟ್ಟಾದರೆ ತೆಗೆಯುವ ಅಗತ್ಯವಿಲ್ಲ. ಇತ್ತೀಚೆಗೆ ಹೃದಯಾಘಾತವಾದವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಕೆಲವು ವಾರ ಕಾಯಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷಿಸಿ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಎರಡು ಕಡೆಯ ತಪ್ಪು

ಶೇಕಡ 70ರ ಗೆರೆ ನೆನಪಿಡಲು ಸುಲಭ. ಆದರೆ ವಯಸ್ಸಾದವರ ವಿಷಯದಲ್ಲಿ ಅದು ಮೋಸ ಮಾಡಬಹುದು. ಆರೋಗ್ಯವಂತರಲ್ಲೂ ಈ ಪಾಲು ವಯಸ್ಸಿನೊಡನೆ ಇಳಿಯುತ್ತದೆ. ಕೂದಲು ನರೆತಂತೆ ಶ್ವಾಸಕೋಶದ ಸ್ಥಿತಿಸ್ಥಾಪಕ ಗುಣವೂ ಕುಂದುತ್ತದೆ. ನಾರ್ವೆಯ ಬರ್ಗೆನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂದೂ ಧೂಮಪಾನ ಮಾಡದ, ಯಾವ ತೊಂದರೆಯೂ ಇಲ್ಲದ, ಎಪ್ಪತ್ತು ದಾಟಿದವರಲ್ಲಿ ಸುಮಾರು ಶೇಕಡ 35 ಮಂದಿ ಈ ಗೆರೆಯ ಕೆಳಗೆ ಬಿದ್ದರು. ಅವರಿಗೆಲ್ಲ ರೋಗಿ ಎಂಬ ಹಣೆಪಟ್ಟಿ ಹಚ್ಚಿ ಔಷಧ ಕೊಟ್ಟರೆ ಅದು ನ್ಯಾಯವೆ? ಆದ್ದರಿಂದ ಒಂದೇ ಸಂಖ್ಯೆಯನ್ನು ನೆಚ್ಚದೆ, ಆ ವಯಸ್ಸು, ಆ ಎತ್ತರದ ಆರೋಗ್ಯವಂತರಲ್ಲಿ ಅಳತೆ ಎಲ್ಲಿಯವರೆಗೆ ಇಳಿಯಬಹುದೋ ಆ ಕೆಳಮಿತಿಯೊಡನೆ ಹೋಲಿಸಿ ನೋಡಬೇಕೆಂಬುದು ಹಲವು ತಜ್ಞರ ವಾದ.

ಹೋಲಿಸಲು ಯಾರ ಆರೋಗ್ಯವಂತರು ಎಂಬ ಪ್ರಶ್ನೆಯೂ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕರಿಯರ ಮತ್ತು ಬಿಳಿಯರ ಉಸಿರನ್ನು ಅಳೆದು, ವ್ಯತ್ಯಾಸವನ್ನು ಜನಾಂಗದ ತಲೆಗೆ ಕಟ್ಟಿದ ಕಾಲದಿಂದ ಈ ಯಂತ್ರಕ್ಕೆ ಆ ಕಳಂಕ ಅಂಟಿದೆ. ಬಡತನ, ಅಪೌಷ್ಟಿಕತೆ, ಹೊಗೆಯಿಂದಾದ ಕೊರತೆಯನ್ನೂ ‘ಅವರದು ಹಾಗೇ’ ಎಂದು ಸಹಜವೆನಿಸಿಬಿಟ್ಟರೆ ರೋಗ ಕಣ್ತಪ್ಪುತ್ತದೆ. 2012ರ ಜಾಗತಿಕ ಸಮೀಕರಣಗಳಲ್ಲಿ ಭಾರತೀಯರಿಗೆ ಪ್ರತ್ಯೇಕ ಗುಂಪೇ ಇರಲಿಲ್ಲ. 2023ರಲ್ಲಿ ಅಮೆರಿಕದ ವಕ್ಷರೋಗ ತಜ್ಞರ ಸಂಘ ಜನಾಂಗದ ಲೆಕ್ಕವನ್ನೇ ಕೈಬಿಡಲು ಸಲಹೆ ಮಾಡಿತು. ಸಮಾಧಾನದ ಸಂಗತಿಯೆಂದರೆ, ಟಿಫೆನೊ ಹೇಳಿದ ಪಾಲು ದೇಶದಿಂದ ದೇಶಕ್ಕೆ ಅಷ್ಟಾಗಿ ಬದಲಾಗುವುದಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಆಗುತ್ತಿರುವ ತಪ್ಪು ಇದಕ್ಕೆ ವಿರುದ್ಧವಾದದ್ದು. ರೋಗವಿರುವವರನ್ನು ಅಳೆಯದೆಯೇ ಬಿಡುವುದು, ಇಲ್ಲವೇ ಅಳೆಯದೆಯೇ ದಮ್ಮಿನ ಔಷಧ ಬರೆದುಕೊಡುವುದು. 2018ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ 1990ರಲ್ಲಿ 2.81 ಕೋಟಿಯಷ್ಟಿದ್ದ ಸಿಒಪಿಡಿ ರೋಗಿಗಳ ಸಂಖ್ಯೆ 2016ರಲ್ಲಿ 5.53 ಕೋಟಿಗೆ ಏರಿತ್ತು. ಈ ರೋಗದ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಮನೆಯೊಳಗಿನ ಹಾಗೂ ಹೊರಗಿನ ಕೆಟ್ಟ ಗಾಳಿ ಕಾರಣ; ತಂಬಾಕಿನ ಪಾಲು ಸುಮಾರು ಕಾಲು ಭಾಗ.

ಪ್ರಶ್ನೆ ಬಂದಿದೆ, ಯಂತ್ರ ಬರಬೇಕು

ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ಅದರಲ್ಲಿ ಉಸಿರಾಟದ ತೊಂದರೆ ಇದೆಯೆ ಎಂಬ ಪ್ರಶ್ನೆಯ ಜೊತೆಗೆ, ಅಡುಗೆಗೆ ಬಳಸುವ ಉರುವಲು ಯಾವುದು ಎಂಬ ಪ್ರಶ್ನೆಯೂ ಇದೆ. ಪದ್ಮಾವತಿಯವರು 1950ರ ದಶಕದಲ್ಲಿ ಎತ್ತಿದ ಪ್ರಶ್ನೆ ಕೊನೆಗೂ ಮನೆಬಾಗಿಲಿಗೆ ಬಂದಿದೆ ಎನ್ನಬೇಕು. ಅದಕ್ಕೆ ಉತ್ತರ ಕೊಡಬಲ್ಲ ಯಂತ್ರ ಮಾತ್ರ ಹೆಚ್ಚಾಗಿ ದೊಡ್ಡ ಊರಿನ ಆಸ್ಪತ್ರೆಗಳಲ್ಲೇ ಉಳಿದಿದೆ. ಉತ್ತರ ಕನ್ನಡದವರಿಗೆ ದೂರ ಹೊಸದಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ, ಮತ್ತೆ 2022ರಲ್ಲಿ ಜೋರಾಗಿ ಎದ್ದಿತ್ತು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಅಂಗಳ ದಾಟಲು ಏದುಸಿರು ಬಿಡುವ ಹಿರಿಯರನ್ನು ಘಟ್ಟದ ಬಸ್ಸಿನಲ್ಲಿ ಅಷ್ಟು ದೂರ ಕರೆದೊಯ್ಯುವುದಕ್ಕಿಂತ, ಅಂಗೈಯಗಲದ ಯಂತ್ರವನ್ನೂ ಅದನ್ನು ಬಲ್ಲ ಒಬ್ಬ ತಂತ್ರಜ್ಞರನ್ನೂ ವಾರಕ್ಕೊಮ್ಮೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಅಗ್ಗವಲ್ಲವೆ?

ಪರೀಕ್ಷೆಯಲ್ಲಿ ರೋಗ ಗೊತ್ತಾದರೆ ಲಾಭವೇನು ಎಂದು ಕೇಳುವವರಿದ್ದಾರೆ. ಕಳೆದ ಶ್ವಾಸಕೋಶ ಮರಳಿ ಬಾರದು, ನಿಜ. ಆದರೆ ಎಳೆದುಕೊಳ್ಳುವ ಔಷಧದಿಂದ ಏದುಸಿರು ತಗ್ಗುತ್ತದೆ. ಫ್ಲೂ, ನ್ಯುಮೋನಿಯಾ ಲಸಿಕೆಗಳು ಮಳೆಗಾಲ ಚಳಿಗಾಲಗಳ ಉಲ್ಬಣವನ್ನು ಕಡಿಮೆ ಮಾಡುತ್ತವೆ. ಕ್ರಮಬದ್ಧ ನಡಿಗೆ ಮತ್ತು ಉಸಿರಾಟದ ವ್ಯಾಯಾಮದಿಂದ ನಡೆಯುವ ಶಕ್ತಿ ಹೆಚ್ಚುತ್ತದೆ. ಬೀಡಿ ಬಿಟ್ಟರೆ, ಬಚ್ಚಲ ಒಲೆಗೆ ಹೊಗೆಗೂಡು ಹಾಕಿಸಿದರೆ, ಉಳಿದದ್ದು ಉಳಿಯುತ್ತದೆ. ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದರೂ ಲಾಭವೇ. ಆಗ ಏದುಸಿರಿಗೆ ರಕ್ತಹೀನತೆಯೋ ಹೃದಯವೋ ಕಾರಣವೇ ಎಂದು ಹುಡುಕಬಹುದು.

ಮನೆಯಲ್ಲಿ ಅರವತ್ತು ದಾಟಿದ ಆಯಿಯೋ ಅಜ್ಜನೋ ಇದ್ದರೆ, ಕಳೆದ ವರ್ಷ ಅವರು ಎಲ್ಲಿಯವರೆಗೆ ನಡೆಯುತ್ತಿದ್ದರು, ಈ ವರ್ಷ ಎಲ್ಲಿಯವರೆಗೆ ನಡೆಯುತ್ತಾರೆ ಎಂಬುದನ್ನು ಗಮನಿಸಿ. ತೋಟಕ್ಕೆ ಇಳಿಯುವುದನ್ನು ಬಿಟ್ಟಿದ್ದರೆ ಯಾಕೆಂದು ಕೇಳಿ. ವೈದ್ಯರ ಬಳಿ ಹೋದಾಗ ‘ಉಸಿರುಮಾಪನ ಮಾಡಿಸೋಣವೆ?’ ಎಂದು ಹೆಸರು ಹಿಡಿದು ವಿಚಾರಿಸಿ. ವಯಸ್ಸಾಯಿತು ಎಂಬ ಮಾತನ್ನು ಆಡಬಾರದೆಂದಲ್ಲ. ಆ ಮಾತು ಊದಿ ನೋಡಿದ ಮೇಲೆ ಬರಲಿ.